ಸಣ್ಣಮ್ಮನ ಹಸಿ ಹಾಲು

ಹೊಳನಗದ್ದೆಯ ಹೇಮಾಳ ಕೆಲಸ ಕಡಲು ಸೋಸುವುದು. ಊರಿನವರು ಕಡಲಿನಿಂದ ಮೀನು ತಂದರೆ ಇವಳು ಬಾಟಲಿಯಲ್ಲಿ ಉಪ್ಪುನೀರು ತರುತ್ತಾಳೆ. ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನ ಕಾಗದದಲ್ಲಿ ಸೋಸಿ, ಮೇಲುಳಿದ ಗಸಿಯಲ್ಲಿ ಎಷ್ಟು ಕಿಣ್ವ, ಕೆಳಗಿಳಿದ ನೀರಲ್ಲಿ ಎಷ್ಟು ಎಂದು ಅಳೆಯುತ್ತಾಳೆ. ಕಿಣ್ವವೆಂದರೆ ಕಡಲಿನ ಸೂಕ್ಷ್ಮಜೀವಿಗಳು ಊಟ ಅರಗಿಸಲು ಬಿಡುವ ರಸ. ಇಷ್ಟೆಲ್ಲ ಓದಿದ ಹುಡುಗಿ ಕೊನೆಗೆ ಸಮುದ್ರದ ಅಜೀರ್ಣ ನೋಡುವವಳಾದಳಲ್ಲ ಎಂದು ಕೇರಿಯವರಿಗೆ ಬೇಸರ.

ಭಟ್ಕಳ, ಮಂಕಿ ತೀರಗಳ ನೀರು ಮರ್ಯಾದೆಯಿಂದ ನಡೆದುಕೊಂಡಿತು. ಹೊಳನಗದ್ದೆಯ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಮಾತ್ರ ಫಾಸ್ಫಟೇಸ್ ಎಂಬ ಕಿಣ್ವ ಮಿತಿಮೀರಿ ಏರಿತ್ತು. ಮಾರ್ಗದರ್ಶಕ ದಿವಾಕರ ಸರ್ ಹಿಗ್ಗಿ ಹೀರೇಕಾಯಿಯಾದರು. ಕಡಲಿಗೆ ಕಾಲಿಟ್ಟರೆ ಶೀತವಾಗುವ ಆ ಮಹನೀಯರು ಗೋವಾದಲ್ಲಿ ‘ನನ್ನ ಶೋಧ’ದ ಕುರಿತು ಭಾಷಣಕ್ಕೂ ಒಪ್ಪಿಕೊಂಡರು.

“ನಿನ್ನ ಪಿಎಚ್‌ಡಿ ಆತು ಅಂತ್ಲೇ ತಿಳ್ಕೊ” ಎಂದರು.

ಹೇಮಾ ಓಡೋಡಿ ಬಂದು ತಾಯಿಗೆ ಹೇಳಿದಳು. ಸಣ್ಣಮ್ಮ ಒಲೆಯಿಂದ ತಲೆ ಎತ್ತಲಿಲ್ಲ.

“ಆಗ್ದೆ ಎಂತ? ಸಮುದ್ರಕ್ಕೆ ಹರಕೆ ಹೊತ್ತಿದ್ದೆ. ನೀ ನೀರು ತುಂಬೂಕೆ ಹೋಗೂ ದಿನ ಎಲ್ಲ ನಿನ್ಕಿಂತ ಮುಂಚೆ ಹೋಗಿ, ಅದೇ ಬಂಡೆ ಹತ್ರ ಹಾಲು ಹೊಯ್ದು ಬತ್ತಿದ್ದೆ.”

“ಅವ್ವಿ, ಕಾಯ್ಸಿದ ಹಾಲಾ?”

“ಕಾಯ್ಸಿದ್ದು ದೇವ್ರಿಗೆ ಆಗ್ತದ್ಯಾ? ಕರೆದ ಹಾಂಗೇ.”

ಹಸಿ ಹಾಲಿನಲ್ಲಿ ಅದೇ ಕಿಣ್ವ ತುಂಬಿರುತ್ತದೆ, ಕಾಯಿಸಿದರೆ ಸಾಯುತ್ತದೆ. ಅವ್ವಿಯ ಭಕ್ತಿ ಒಂದು ಕುದಿಯಾದರೂ ಕಂಡಿದ್ದರೆ ಮಗಳ ಒಂದು ವರ್ಷ ಉಳಿಯುತ್ತಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಡಾಕ್ಟರ್ ಹೇಮಾ. ಆ ಹೆಸರು ಅವಳಿಗೆ ಬಹಳ ಬೇಕಿತ್ತು. ಆದರೂ ಮರುದಿನ ಸರ್ ಎದುರು ಎಲ್ಲವನ್ನೂ ಹೇಳಿದಳು. ಸತ್ಯಶೋಧಕರು ಎದ್ದು ಮೊದಲು ಬಾಗಿಲು ಹಾಕಿದರು.

“ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ಯಾ?”

“ಇಲ್ಲ ಸರ್.”

“ಹೇಳಬೇಡ. ಭಾಷಣ ಮುಗೀಲಿ.”

“ಹಾಲಿನ ಲೆಕ್ಕಕ್ಕೆ ನಾನು ಸಹಿ ಹಾಕೋದಿಲ್ಲ ಸರ್” ಎಂದಳು ಹೇಮಾ. ಭಾಷಣ ರದ್ದಾಯಿತು. ಸರ್‌ಗೆ ಗಂಟಲು ಕೆಟ್ಟಿತೆಂದು ಗೋವಾಕ್ಕೆ ತಿಳಿಸಲಾಯಿತು. ಹೊಳನಗದ್ದೆಯ ನೀರನ್ನು ಮೊದಲಿನಿಂದ ಸೋಸಬೇಕಾಯಿತು, ಪದವಿ ಇನ್ನೊಂದು ವರ್ಷ ಮುಂದೆ ಹೋಯಿತು. ಬಸ್ಸಿನಲ್ಲಿ ಮುಖ ಕಿಟಕಿಗೆ ತಿರುಗಿಸಿ ಅತ್ತಳು.

ಮನೆಯಲ್ಲಿ ಸಣ್ಣಮ್ಮ ಎಲ್ಲ ಕೇಳಿ, ಸೆರಗಿನಿಂದ ಮಗಳ ಕಣ್ಣೊರೆಸಿದಳು. ಆಮೇಲೆ ಮೆಲ್ಲಗೆ ಕೇಳಿದಳು:

“ಹಂಗಾರೆ ನನ್ನ ಹಾಲು ಸಮುದ್ರಕ್ಕೆ ಮುಟ್ಟಿದ್ದು ಖರೆ ಅಂತಾತು?”

ಹೇಮಾ ಹೌದೆಂದು ತಲೆಯಾಡಿಸಿದಳು. ವರ್ಷವಿಡೀ ಸೋಸಿ ಅವಳು ಸಾಬೀತು ಮಾಡಿದ್ದು ಅದೊಂದನ್ನೇ.