ದುರ್ಗಿಯ ನಾಯಿ ಮತ್ತು ಸೋಮನ ಕಾಗದ

ಕಡಲತಡಿಯ ಮಂಕಿಯಲ್ಲಿ ಇಪ್ಪತ್ತಾರು ವರ್ಷ ಟಪಾಲು ಹಂಚಿದವನು ನಾನು. ನಾಯಿ ಎಂಬ ಪ್ರಾಣಿಯ ಮೇಲೆ ನನ್ನಲ್ಲಿ ದಯೆ ಉಳಿದಿಲ್ಲ. ಅದರಲ್ಲೂ ಮೀನು ಮಾರುವ ದುರ್ಗಿಯ ಮನೆಯ ಕೆಂಚ ನನ್ನ ಜೀವ ತಿಂದದ್ದು ಅಷ್ಟಿಷ್ಟಲ್ಲ.

ದುರ್ಗಿಯ ಗಂಡ ಸೋಮ ರತ್ನಾಗಿರಿಯಲ್ಲಿ ಬೋಟಿನ ಕೆಲಸಕ್ಕಿದ್ದ. ಅವಳಿಗೆ ಓದಲು ಬಾರದು. ಅವನ ಕಾಗದವನ್ನು ನಾನೇ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದೆ. ಬಂದವರಿಗೆಲ್ಲ ಕೊಡುವ ಹಾಗೆ ನನಗೂ ಬೆಲ್ಲ, ನೀರು ಕೊಡುತ್ತಿದ್ದಳು. ಪ್ರತಿ ಮಳೆಗಾಲಕ್ಕೆ ಊರಿಗೆ ಬರುತ್ತಿದ್ದ ಸೋಮ ಎಪ್ಪತ್ತೇಳರಲ್ಲಿ ಬರಲಿಲ್ಲ. ಒಂಟಿ ಹೆಂಗಸು, ಧೈರ್ಯಕ್ಕಿರಲಿ ಎಂದು ನಾಯಿ ಸಾಕಿದಳು. ಅಲ್ಲಿಗೆ ನನಗೆ ಜಗಲಿಯೂ ತಪ್ಪಿತು, ಬೆಲ್ಲವೂ ತಪ್ಪಿತು. ಬೇಲಿಯಾಚೆ ನಿಂತು, ಬೊಗಳುವುದರ ನಡುವೆ ಕೇಳಿಸಲೆಂದು ಗಂಟಲು ಹರಿದುಕೊಂಡು ಓದಬೇಕಾಯಿತು. ಮರುವರ್ಷ ಮೇ ಕೊನೆಗೆ ಹಾಗೇ ಕೂಗಿ ಓದಿದೆ: "ಈ ಮಳೆಗಾಲಕ್ಕೂ ಬರಲಾಗುವುದಿಲ್ಲ. ಬಲೆ ಹೆಣೆಯುವ ಕೆಲಸವಿದೆ."

ಮಳೆಗಾಲದಲ್ಲಿ ದೋಣಿ ದಡಕ್ಕೆಳೆದ ಮೇಲೆ ಕೇರಿಯ ಗಂಡಸರೆಲ್ಲ ಮನೆಯಲ್ಲೇ ಇರುತ್ತಾರೆ. ಬಾರದವನ ಹೆಂಡತಿ ಎಲ್ಲರ ಬಾಯಿಗೆ ಬೀಳುತ್ತಾಳೆ. ನನ್ನ ಕೂಗು ಕೇಳಿಸಿಕೊಂಡಿದ್ದ ನೆರೆಮನೆಯ ಕಮಲಿ ಮರುದಿನ ಕಡಲ ದಡದಲ್ಲಿ ಕೇಳಿಯೇಬಿಟ್ಟಳಂತೆ, "ಎಂತ ದುರ್ಗಿ, ಅಲ್ಲಿ ಜೊತೆಗೆ ಬಲೆ ಹೆಣೂಕೆ ಯಾರು ಸಿಕ್ಕಿದ್ರು ಅವನಿಗೆ?"

ದುರ್ಗಿ ನನ್ನ ಮುಂದೆ ಬಂದು ಅತ್ತಳು. "ಅಣ್ಣ, ನನ್ನ ಮನೆ ಮಾತು ನಂಗೊಬ್ಳಿಗೇ ಕೇಳ್ಬೇಕು. ನಾಯಿಗೆ ಸುಮ್ಮನಿರೂಕೆ ನಾ ಕಲಿಸ್ತೆ."

ಕಲಿಸಿದ್ದೂ ಚೆಂದ! ಅದು ಬೊಗಳಿದೊಡನೆ ಬಾಯಿ ಮುಚ್ಚಿಸಲು ಒಂದು ತಾರ್ಲೆ ಮೀನಿನ ತಲೆ ಎಸೆಯುವಳು. ಮೀನಿನವರ ಮನೆಯಲ್ಲಿ ಮೀನಿಗೇನು ಬರ? ಎಂಟೇ ದಿನದಲ್ಲಿ ಬೊಗಳಿದರೆ ಮೀನು ಸಿಗುತ್ತದೆ ಎಂದು ಕೆಂಚನಿಗೆ ತಿಳಿಯಿತು. ನಾನಿನ್ನೂ ತೆಂಗಿನತೋಟದ ತಿರುವಿನಲ್ಲಿರುವಾಗಲೇ ಶುರು.

"ಬೊಗಳಿದ್ದಕ್ಕೆ ಕೂಲಿ ಕೊಡ್ತಾ ಇದ್ದೀಯಲ್ಲೇ ಮಾರಾಯ್ತಿ!" ಎಂದು ರೇಗಿದೆ.

ಆಮೇಲೆ ಕ್ರಮ ಬದಲಾಯಿತು. ಜಗಲಿಯ ಮೂಲೆಯಲ್ಲಿ ಹಾಸಿದ ಗೋಣಿಯ ಮೇಲೆ ಕೆಂಚ ಸುಮ್ಮನೆ ಕೂತರೆ ಮಾತ್ರ ಮೀನು. ಬೊಗಳಿದರೆ ಅವಳು ಬೆನ್ನು ತಿರುಗಿಸಿ ನಿಲ್ಲುವಳು. ನಾಯಿ ದಣಿಯುವವರೆಗೆ ನಾನು ಬೇಲಿಯ ಬಳಿ ಕಾಯಬೇಕು. ದಣಿಯುತ್ತಿದ್ದವನು ನಾನು. ಮಳೆ ಹಿಡಿದ ಮೇಲೆ ಹಸಿ ಮೀನಿಲ್ಲ. ತನ್ನ ಗಂಜಿಗೆ ಇಟ್ಟುಕೊಂಡ ಒಣಮೀನನ್ನೇ ಅದಕ್ಕೆ ಹಾಕಿದಳು. ದೀಪಾವಳಿಯ ಹೊತ್ತಿಗೆ, ಯಾರು ಬಂದರೂ ಕೆಂಚ ಗೋಣಿ ಹತ್ತಿ ಕೂತು ಅವಳ ಕೈಯನ್ನೇ ನೋಡುತ್ತಿತ್ತು. ನಾನು ಜಗಲಿಗೆ ಮರಳಿದೆ, ಮೆಲ್ಲಗೆ ಓದಿದೆ. ಓದಲು ಹೆಚ್ಚೇನೂ ಇರುತ್ತಿರಲಿಲ್ಲ. ಎಪ್ಪತ್ತೊಂಬತ್ತರ ಮಳೆಗಾಲಕ್ಕೂ ಸೋಮ ಬರಲಿಲ್ಲ.

ಎಂಬತ್ತರ ಜೂನ್‌ನಲ್ಲಿ, "ಈ ಸಲ ಬರುತ್ತೇನೆ" ಎಂಬ ಕಾಗದವನ್ನು ನಾನು ಓದುತ್ತಿರುವಾಗಲೇ ಸೋಮ ಟ್ರಂಕು ಹಿಡಿದು ಅಂಗಳಕ್ಕೆ ಬಂದ. ದುರ್ಗಿ ಎದ್ದು ನಿಂತಳು. ಅವನನ್ನು ಕಂಡೇ ಇರದ ಕೆಂಚ ಗೋಣಿ ಹತ್ತಿ ಕೂತು ಅವಳ ಕೈ ನೋಡಿತು.

ಸೋಮ ನಕ್ಕ. "ಎಂತ ನಾಯಿಯೇ ಇದು? ಬೊಗಳೂದೇ ಇಲ್ವಾ?"

"ಹೊರಗಿನವ್ರು ಬಂದ್ರೆ ಬೊಗಳೂಕಾಗ ಅಂತ ಕಲಿಸಿದ್ದೆ," ಎಂದಳು.

ಅವನ ನಗು ನಿಂತಿತು. ನನಗೆ ಅವಳ ಮೇಲೆ ಕನಿಕರ, ಅವನ ಮೇಲೆ ಸಿಟ್ಟು. ದುರ್ಗಿ ಒಳಗೆ ಹೋಗಿ ಒಣಮೀನಿನ ಚೂರು ತಂದು ಕೆಂಚನಿಗೆ ಹಾಕಿದಳು. ಆಮೇಲೆ ಬೆಲ್ಲ, ನೀರು ತಂದು ಸೋಮನ ಮುಂದಿಟ್ಟಳು, ನನಗೆ ಇಡುವ ಹಾಗೆಯೇ.