ಸ್ಟಾರ್ಟರ್ ಡಬ್ಬಿಯೊಳಗಿನ ಎಕೋ

ನಾನು ಗಿಟಾರ್ ಬಾರಿಸುವುದು ಯಾರಿಗೂ ಕೇಳಬಾರದು ಎಂಬ ಒಂದೇ ಕಾರಣಕ್ಕೆ ಆ ಯಂತ್ರವನ್ನು ಕೊಂಡೆ.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದು ಅನುಕೂಲವಿದೆ. ವೈರು ಸಿಕ್ಕಿಸದಿದ್ದರೆ ಅದು ಹೆಚ್ಚುಕಡಿಮೆ ಮೂಕ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ ಹಾಸ್ಟೆಲ್ ಬಿಟ್ಟು ಹೊರಟಿದ್ದ ಗೆಳತಿಯೊಬ್ಬಳು ತನ್ನ ಗಿಟಾರನ್ನು ನನಗೆ ಕೊಟ್ಟುಹೋಗಿದ್ದಳು. ದಾವಣಗೆರೆಗೆ ಮರಳಿ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದ ಮೇಲೆ, ಕೆ.ಬಿ. ಬಡಾವಣೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಸಂಜೆ ಬಾಗಿಲು ಹಾಕಿಕೊಂಡು ಅದನ್ನು ಟಿಕ್ ಟಿಕ್ ಎನಿಸುತ್ತಿದ್ದೆ. ಮನೆಯವರು ಇದನ್ನು ಕಸೂತಿಯ ಸಾಲಿಗೆ ಸೇರಿಸಿದ್ದರು. ಸದ್ದಿಲ್ಲ, ರಗಳೆಯಿಲ್ಲ, ಹುಡುಗಿ ಮನೆಯಲ್ಲೇ ಇರುತ್ತಾಳೆ. ತೊಂದರೆ ಏನೆಂದರೆ, ಅದರ ನಿಜವಾದ ದನಿ ನನಗೂ ಕೇಳುತ್ತಿರಲಿಲ್ಲ. ಸ್ಪೀಕರ್ ಹಚ್ಚಿದರೆ ಇಡೀ ಬೀದಿಗೆ ಕೇಳುತ್ತದೆ. ಬೀದಿಗೆ ಕೇಳಿದರೆ ಬೀದಿ ಮಾತಾಡುತ್ತದೆ. ಅದು ನನಗೆ ಬೇಕಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಹರಿಹರದ ಕಾರ್ಖಾನೆಯೊಂದರ ಅಧಿಕಾರಿಗೆ ವರ್ಗವಾಗಿದೆ, ಅವರು ತಮ್ಮ ಸಂಗೀತದ ಸಾಮಾನುಗಳನ್ನು ಮಾರುತ್ತಿದ್ದಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಬಸ್ಸು ಹತ್ತಿ ಹೋದೆ. ಕ್ವಾರ್ಟರ್ಸಿನ ಮನೆಯಲ್ಲಿ ಅರ್ಧ ಸಾಮಾನು ಪೆಟ್ಟಿಗೆಗಳಲ್ಲಿತ್ತು. ಉಳಿದ ಅರ್ಧದ ನಡುವೆ ಎರಡು ಕಪ್ಪು ಉಕ್ಕಿನ ಯಂತ್ರಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಒಂದೊಂದೂ ಒಂದು ಮೊಳ ಅಗಲ, ಎರಡು ಬೆರಳು ದಪ್ಪ. ಗಿಟಾರಿನ ದನಿ ಇದರೊಳಗೆ ಹಾದು ಬಂದರೆ ಅದಕ್ಕೆ ಪ್ರತಿಧ್ವನಿ, ನಡುಕ, ಬಿರುಸು ಹೀಗೆ ಬೇಕಾದ ಬಣ್ಣ ಸಿಗುತ್ತದೆ. ಕಾಲಿನಿಂದ ತುಳಿದು ನಡೆಸುವ ಬಿಡಿಬಿಡಿ ಡಬ್ಬಿಗಳೂ ಇರುತ್ತವೆ. ಇದು ಹಾಗಲ್ಲ, ಎಲ್ಲವೂ ಒಂದರಲ್ಲೇ ಇರುವುದು. ಕಬ್ಬಿಣದ ಚೌಕಟ್ಟಿಗೆ ತಿರುಪು ಹಾಕಿ ಕೂರಿಸುವಂಥದ್ದು. ಅದಕ್ಕೇ ರ‍್ಯಾಕ್ ಎನ್ನುತ್ತಾರೆ.

"ನಿಮ್ಮ ತಮ್ಮನಿಗಾ?" ಎಂದು ಅಧಿಕಾರಿ ಕೇಳಿದರು.

ಹೌದೆಂದು ತಲೆಯಾಡಿಸಿದೆ. ನನಗೆ ತಮ್ಮನಿಲ್ಲ. ಆದರೆ ವಿವರಣೆಗಿಂತ ತಮ್ಮ ಸುಲಭ ಅನ್ನಿಸಿತು.

"ಕೂತ್ಕೊಳ್ಳಿ, ಎರಡನ್ನೂ ಕೇಳಿಸ್ತೀನಿ" ಎಂದು ಅವರು ತಮ್ಮ ಗಿಟಾರ್ ಎತ್ತಿಕೊಂಡರು. ಊರು ಬಿಡುವ ಮುಂಚೆ ಕೇಳುವವರೊಬ್ಬರು ಸಿಕ್ಕರೆಂದು ಅವರಿಗೆ ಸಂತೋಷವಾಗಿತ್ತು. ಬಹಳ ಹೊತ್ತು ಬಾರಿಸಿದರು. ನಾನು ಅಷ್ಟು ಹೊತ್ತೂ ಮಡಿಲಲ್ಲಿ ಎರಡು ಯಂತ್ರಗಳ ಕೈಪಿಡಿ ಇಟ್ಟುಕೊಂಡು ಓದಿದೆ. ಮೊದಲನೆಯದರ ಮೈತುಂಬ ತಿರುಗಣೆಗಳು, ದನಿ ಮಾತ್ರ ತುಂಬ ಬೆಚ್ಚಗಿತ್ತು. ಎರಡನೆಯದಕ್ಕೆ ಒಂದೇ ಚಕ್ರ. ತಿರುಗಿಸಿದಂತೆ ಪುಟ್ಟ ಕೆಂಪು ಅಂಕಿ ಬದಲಾಗುತ್ತಿತ್ತು, ಒಂದೊಂದು ನಂಬರಿಗೆ ಒಂದೊಂದು ದನಿ. ಇದರ ದನಿ ಸ್ವಲ್ಪ ತಣ್ಣಗೆ. ಆದರೆ ಮೂಲೆಯಲ್ಲಿ ಹೆಡ್‌ಫೋನಿನ ತೂತಿತ್ತು. ಮೊದಲನೆಯದರಲ್ಲಿ ಇರಲಿಲ್ಲ.

"ಎರಡನೇದು" ಎಂದೆ.

"ಮೊದಲನೇದರ ದನಿಯೇ ಚೆನ್ನಾಗಿರೋದು. ನಿಮ್ಮ ತಮ್ಮನಿಗೆ ಒಂದು ಮಾತು ಕೇಳಿ ನೋಡಬಹುದಿತ್ತು."

"ಅವನು ನಾನು ಹೇಳಿದ್ದನ್ನೇ ಕೇಳ್ತಾನೆ" ಎಂದೆ.

ಬಾಗಿಲವರೆಗೂ ಬಂದು ಅವರು ಇನ್ನೊಂದು ಮಾತು ಸೇರಿಸಿದರು. "ಬಿರುಸಿನ ದನಿ ಜಾಸ್ತಿ ಬಳಸಬೇಡ ಅಂತ ಹೇಳಿ ನಿಮ್ಮ ತಮ್ಮನಿಗೆ. ಈ ವಯಸ್ಸಿನ ಹುಡುಗರು ಅದರಲ್ಲೇ ಹಾಳಾಗೋದು."

ಹೇಳುತ್ತೇನೆ ಎಂದು ಬಸ್ಸು ಹಿಡಿದೆ.

ಅಪ್ಪನದು ಪಂಪ್‌ಸೆಟ್ಟಿನ ಅಂಗಡಿ. ಸುತ್ತಲಿನ ಹಳ್ಳಿಗಳ ಬೋರ್‌ವೆಲ್ಲಿಗೆ ಮೋಟಾರು, ಪೈಪು, ಸ್ಟಾರ್ಟರು ಅಲ್ಲಿಂದಲೇ ಹೋಗುತ್ತಿದ್ದವು. ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದರು.

"ಇದರ ಹಾರ್ಸ್‌ಪವರ್ ಎಷ್ಟು?"

"ಹಾರ್ಸ್‌ಪವರ್ ಇರಲ್ಲ ಅಪ್ಪಾಜಿ."

"ಹಾರ್ಸ್‌ಪವರ್ ಇಲ್ದ ಮೆಷಿನ್ನು ಎಲ್ಲೈತವ್ವ? ನಿನಗೆ ಹೇಳಿಲ್ಲ ಅಷ್ಟೆ. ಹೋಗ್ಲಿ, ಏನ್ ಮಾಡ್ತೈತೆ ಇದು?"

"ಎಕೋ ಬರುತ್ತೆ" ಎಂದೆ. ಸುಲಭದ ಉತ್ತರ ಅದೇ ಇತ್ತು.

ಇದಕ್ಕೊಂದು ಚೌಕಟ್ಟು ಬೇಕು ಎಂದೂ ಹೇಳಿಬಿಟ್ಟೆ. ಮರುದಿನ ಯಂತ್ರ ಅಂಗಡಿಗೆ ಹೋಯಿತು, ಸಂಜೆ ತ್ರೀಫೇಸ್ ಮೋಟಾರಿನ ಸ್ಟಾರ್ಟರ್ ಡಬ್ಬಿಯೊಳಗೆ ಕೂತು ಮನೆಗೆ ಬಂತು. ಬೂದು ಬಣ್ಣದ ದಪ್ಪ ತಗಡು, ಮುಂದೆ ಬಾಗಿಲು, ಬಾಗಿಲಿಗೆ ಬೀಗದ ಕೊಂಡಿ. ಹಸಿರು ಗುಂಡಿ ಒತ್ತಿದರೆ ಕರೆಂಟು ಬರುತ್ತದೆ, ಕೆಂಪು ಒತ್ತಿದರೆ ಹೋಗುತ್ತದೆ. ನಡುವೆ ತಲೆಬುರುಡೆ, ಎರಡು ಎಲುಬು, ಅಪಾಯ ಎಂಬ ಫಲಕ. ಹೊಸ ಯಂತ್ರವಲ್ಲವೇ ಎಂದು ಅವ್ವ ಡಬ್ಬಿಗೆ ವಿಭೂತಿಯ ಪಟ್ಟೆ ಎಳೆದಳು. ತಲೆಬುರುಡೆಯ ಹಣೆಗೂ ಎಳೆದಳು.

ಆಮೇಲಿನ ಸಂಜೆಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹಸಿರು ಗುಂಡಿ ಒತ್ತಿ, ಹೆಡ್‌ಫೋನ್ ಹಾಕಿಕೊಂಡು, ತಲೆಬುರುಡೆಯ ಎದುರು ಕಾಲು ಮಡಚಿ ಕೂರುತ್ತಿದ್ದೆ. ಒಳಗೆ ಗುಡುಗುತ್ತಿತ್ತು. ಕೆಳಗೆ ಅವ್ವನಿಗೆ ಅದೇ ಟಿಕ್ ಟಿಕ್. ಬಿರುಸಿನ ದನಿಯ ನಂಬರೇ ನನಗೆ ಹೆಚ್ಚು ಹಿಡಿಸಿತು. ತಮ್ಮ ಹಾಳಾದ.

ಹೀಗಿರುವಾಗ ಹರಿಹರದಿಂದ ಚಿಕ್ಕಪ್ಪ ಬಂದರು. ಅವರ ಮಗಳ ಮದುವೆ ಅಲ್ಲಿಯ ಕಲ್ಯಾಣ ಮಂಟಪದಲ್ಲಿ ಗೊತ್ತಾಗಿತ್ತು. ಮೈಕ್‌ಸೆಟ್ಟಿನವನ ಎಕೋ ಮೆಷಿನ್ ಕೆಟ್ಟುಹೋಗಿದೆಯಂತೆ.

"ಅಣ್ಣಾ, ಬೀಗರು ದೊಡ್ಡ ಮಂದಿ. ಅಯ್ಯನೋರ ಮಂತ್ರಕ್ಕ ಎಕೋ ಇಲ್ಲಾಂದ್ರೆ ಸಂತ್ಯಾಗ ಬಾಳೆಹಣ್ಣು ಕೂಗಿದಂಗ ಕೇಳ್ತೈತೆ."

"ಎಕೋಗೆ ಯಾಕ ಒದ್ದಾಡ್ತೀಯ?" ಎಂದರು ಅಪ್ಪ. "ನಮ್ಮನ್ಯಾಗೇ ಐತೆ. ಮೇಲೆ."

ಅದು ಗಿಟಾರಿಗೆ ಮಾಡಿದ್ದು ಎಂದು ಹೇಳಿದೆ. ಮಂತ್ರಕ್ಕಿಂತ ಗಿಟಾರು ದೊಡ್ಡದೇನು ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಉತ್ತರ ನನ್ನ ಬಳಿ ಇತ್ತು, ಹೇಳುವ ಹಾಗಿರಲಿಲ್ಲ.

ಮದುವೆಯ ದಿನ ಡಬ್ಬಿಯ ಜೊತೆ ನಾನೂ ರೇಷ್ಮೆ ಸೀರೆ ಉಟ್ಟು ವೇದಿಕೆಯ ಪಕ್ಕದ ಕಂಬದ ಬಳಿ ನಿಂತೆ. ಮೈಕಿನ ದನಿ ಯಂತ್ರದೊಳಗೆ ಹಾದು ಸ್ಪೀಕರಿಗೆ ಹೋಗುವಂತೆ ಮೈಕ್‌ಸೆಟ್ಟಿನವನು ವೈರು ಕೂಡಿಸಿದ. ಒಂದೇ ಒಂದು ಮೆಲು ಪ್ರತಿಧ್ವನಿ ಬರುವ ನಂಬರನ್ನು ಹುಡುಕಿ ಇಟ್ಟೆ. ಚಿಕ್ಕಪ್ಪ ಬಂದು ಮೈಕಿನಲ್ಲಿ "ಹಲೋ" ಎಂದರು. ಹಲೋ ಎಂದಿತು ಸ್ಪೀಕರು, ಮೆತ್ತಗೆ.

"ಇದೇನ್ ಎಕೋನವ್ವ? ಹಿಂದಿನಿಂದ ಯಾರೋ ಕೆಮ್ಮಿದಂಗಾತು. ಎಷ್ಟರ ಮ್ಯಾಲೆ ಇಟ್ಟೀಯ?"

"ಹನ್ನೆರಡು."

"ಅದಕ್ಕೇ!" ಎಂದು ಚಕ್ರಕ್ಕೆ ಕೈ ಹಾಕಿದರು. "ಫ್ಯಾನು ಒಂದರ ಮ್ಯಾಲೆ ಇಟ್ಟು ಸೆಕಿ ಸೆಕಿ ಅಂದ್ರೆ ಹೆಂಗೆ?"

"ಚಿಕ್ಕಪ್ಪಾ, ಅದು ಫ್ಯಾನಿನ ಥರ ಅಲ್ಲ. ದೊಡ್ಡ ನಂಬರಂದ್ರೆ ಹೆಚ್ಚು ಅಂತಲ್ಲ, ಬರೀ ಬೇರೆ."

ಅವರು ಆಗಲೇ ಕೊನೆಯ ನಂಬರಿಗೆ ಹೋಗಿ ನಿಂತಿದ್ದರು. ನಾನು ಆ ನಂಬರನ್ನು ಒಮ್ಮೆ ಕೇಳಿ ಬಿಟ್ಟಿದ್ದೆ. ಗುಹೆಯೊಳಗೆ ಕೂಗಿದಂತೆ, ಅಂದದ್ದು ಮತ್ತೆ ಮತ್ತೆ ಸ್ಪಷ್ಟವಾಗಿ ಬರುತ್ತಲೇ ಇರುತ್ತದೆ. ನಾನು ಇದನ್ನು ಹೇಳುವಷ್ಟರಲ್ಲಿ ಚಿಕ್ಕಪ್ಪ ಡಬ್ಬಿಯ ಬಾಗಿಲು ಮುಚ್ಚಿ, ಮಕ್ಕಳು ಕೈ ಹಾಕುತ್ತಾರೆಂದು ಬೀಗ ಜಡಿದು, ಕೀಲಿಯನ್ನು ಜೇಬಿಗೆ ಇಳಿಸಿ, ವೇದಿಕೆ ಹತ್ತಿದ್ದರು. ಇನ್ನು ಧಾರೆ ಮುಗಿಯುವವರೆಗೆ ಅವರು ಅಲ್ಲಿಂದ ಕದಲುವಂತಿರಲಿಲ್ಲ.

ನಮ್ಮ ಕಡೆ ಮಂಗಳಾಷ್ಟಕದ ಒಂದೊಂದು ಪದ್ಯದ ಕೊನೆಗೂ 'ಶುಭಮಂಗಳ ಸಾವಧಾನ' ಎಂದಾಗ ಅಕ್ಷತೆ ಹಾಕುವುದು ರೂಢಿ. ಮುಂದಿನ ಸಾಲಿನವರು ವೇದಿಕೆ ನೋಡಿ ಹಾಕುತ್ತಾರೆ. ಹಿಂದೆ ಕೂತವರಿಗೆ ವೇದಿಕೆ ಕಾಣುವುದಿಲ್ಲ. ಅವರು ಕಿವಿಯನ್ನು ನಂಬಿ ಹಾಕುತ್ತಾರೆ.

ಅಯ್ಯನವರು ಮೊದಲ ಪದ್ಯ ಮುಗಿಸಿ ಸಾವಧಾನ ಎಂದರು. ಎಲ್ಲರೂ ಅಕ್ಷತೆ ಹಾಕಿದರು. ಸಾವಧಾನ ಎಂದಿತು ಗುಹೆ. ಹಿಂದಿನವರು ಮತ್ತೆ ಹಾಕಿದರು. ಹಿಂದಿನಿಂದ ಕಾಳು ಬಂದು ತಲೆಗೆ ಬಿದ್ದದ್ದರಿಂದ, ತಾವೇ ತಪ್ಪಿಸಿಕೊಂಡೆವೇನೋ ಎಂದು ಮುಂದಿನವರೂ ಹಾಕಿದರು. ಸಾವಧಾನ. ಸಾವಧಾನ. ಅಯ್ಯನವರು ಎರಡನೇ ಪದ್ಯ ಶುರು ಮಾಡಲು ಬಾಯಿ ತೆರೆದು, ತಮ್ಮದೇ ದನಿ ಮುಗಿಯಲಿ ಎಂದು ಕಾದು ನಿಂತರು. ವಾಲಗದವರಿಗೆ ಇದು ಕಡೆಯದು ಅನ್ನಿಸಿ ಜೋರಾಗಿ ಊದಿಬಿಟ್ಟರು. ಮದುಮಗ ತಾಳಿಗೆ ಕೈ ಚಾಚಿದ. ಅವನ ಸೋದರಮಾವ ಕೈ ಹಿಡಿದು "ಇನ್ನೂ ಐತಪ್ಪ, ಅವಸರ ಮಾಡ್ಬ್ಯಾಡ" ಎಂದದ್ದು ಮೈಕಿಗೆ ಸಿಕ್ಕಿತು. ಅವಸರ ಮಾಡ್ಬ್ಯಾಡ, ಅವಸರ ಮಾಡ್ಬ್ಯಾಡ ಎಂದು ಮಂಟಪದ ಮೂಲೆಮೂಲೆ ಹೇಳಿತು. ಅದಕ್ಕೂ ಒಂದಿಷ್ಟು ಜನ ಅಕ್ಷತೆ ಹಾಕಿದರು.

ಕೆಂಪು ಗುಂಡಿ ನನ್ನ ಕೈಯಳತೆಯಲ್ಲೇ ಇತ್ತು. ಒತ್ತಿದರೆ ಎಕೋ ನಿಲ್ಲುತ್ತದೆ, ಅದರ ಜೊತೆ ಮಂತ್ರವೂ ನಿಲ್ಲುತ್ತದೆ. ನಡು ಮುಹೂರ್ತದಲ್ಲಿ ಅಯ್ಯನವರ ದನಿ ನಿಲ್ಲಿಸಿದ ಹುಡುಗಿ ಎಂದು ಬದುಕಿನುದ್ದಕ್ಕೂ ಕರೆಸಿಕೊಳ್ಳಲು ನಾನು ಸಿದ್ಧಳಿರಲಿಲ್ಲ. ಕಂಬಕ್ಕೆ ಒರಗಿ ನಿಂತೆ.

ಇನ್ನೂ ಪದ್ಯಗಳು ಬಾಕಿ ಇರುವಾಗಲೇ ಅಕ್ಷತೆ ಮುಗಿಯಿತು. ಹೆಂಗಸರು ತಟ್ಟೆ ಹಿಡಿದು ಅಡುಗೆಮನೆಗೆ ಓಡಿದರು. ಅಕ್ಕಿಯೆಲ್ಲ ಆಗಲೇ ಕುದಿಯುವ ನೀರಿಗೆ ಬಿದ್ದಿತ್ತು. ಬೆಳಗಿನ ತಿಂಡಿಯಲ್ಲಿ ಉಳಿದಿದ್ದ ಮಂಡಕ್ಕಿಯ ಚೀಲ ಕಂಡಿತು. ಯಾರೋ ಅದಕ್ಕೇ ಅರಿಶಿನ ಕಲಸಿ ಹಂಚಿದರು. ಮಂಡಕ್ಕಿಗೆ ಭಾರವಿಲ್ಲ, ಎಸೆದರೆ ವೇದಿಕೆ ಮುಟ್ಟುವುದಿಲ್ಲ. ಪ್ರತಿ ಸಾಲೂ ತನ್ನ ಮುಂದಿನ ಸಾಲಿನ ತಲೆಗಳನ್ನು ಆಶೀರ್ವದಿಸಿತು. ತಾಳಿ ಕಟ್ಟುವ ಹೊತ್ತಿಗೆ ಫ್ಯಾನಿನ ಗಾಳಿಗೆ ಇಡೀ ಮಂಟಪದಲ್ಲಿ ಮಂಡಕ್ಕಿ ತೇಲುತ್ತಿತ್ತು.

ಇನ್ನು ಈ ಯಂತ್ರದ ಸುದ್ದಿಗೆ ಯಾರೂ ಬರುವುದಿಲ್ಲ ಎಂದು ನೆಮ್ಮದಿಯಿಂದ ಮನೆಗೆ ಬಂದೆ. ನನ್ನ ಲೆಕ್ಕ ತಪ್ಪಿತ್ತು. ಅಂಥ ಮದುವೆಯನ್ನೇ ತಾವು ನೋಡಿಲ್ಲ ಎಂದು ಜನ ಊರೂರಿಗೆ ಹೇಳಿಕೊಂಡು ಹೋಗಿದ್ದರು. ಮುಂದಿನ ಭಾನುವಾರ ಕುಕ್ಕುವಾಡದ ಒಬ್ಬ ಹಿರಿಯರು, ಲೋಕಿಕೆರೆಯ ಇನ್ನೊಬ್ಬರು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಇಬ್ಬರ ಮನೆಯಲ್ಲೂ ಮದುವೆ. ಇಬ್ಬರೂ ಅಪ್ಪನ ಹಳೆಯ ಗಿರಾಕಿಗಳು.

"ಒಂದು ಮಂತ್ರಕ್ಕ ಐದೈದು ಸರ್ತಿ ಆಶೀರ್ವಾದ ಬೀಳ್ತಂತೆ" ಎಂದರು ಕುಕ್ಕುವಾಡದವರು. "ನಮ್ಮ ಹುಡುಗಂಗೂ ಅದೇ ಮೆಷಿನ್ ಆಗ್ಬೇಕು ನೋಡ್ರಿ."

"ಅಕ್ಕಿ ಎರಡು ಮೂಟಿ ತೆಗೆದಿಟ್ಟೀವಿ" ಎಂದರು ಲೋಕಿಕೆರೆಯವರು.

ಗಿರಾಕಿಗೆ ಇಲ್ಲ ಎನ್ನುವುದು ಅಪ್ಪನಿಗೆ ಗೊತ್ತಿಲ್ಲ. "ಒಯ್ಯಿರಿ, ಅದಕ್ಕೇನು. ನಡಸಾಕ ನನ್ನ ಮಗಳೇ ಬರ್ತಾಳೆ. ಬಾರವ್ವ, ಕೆಳಗ ತಂದು ಒಂದ್ಸಲ ಕೇಳಿಸು ಇವರಿಗೆ."

ಮೆಟ್ಟಿಲ ಮೇಲೆ ನಿಂತೇ ನನಗೆ ಮುಂದಿನದೆಲ್ಲ ಕಂಡಿತು. ಹೋದ ಮದುವೆಯಿಂದ ಇಬ್ಬರು ಬಂದಿದ್ದಾರೆ. ಈ ಎರಡರಿಂದ ನಾಲ್ವರು ಬರುತ್ತಾರೆ. ಹಂಗಾಮು ಪೂರ್ತಿ ಡಬ್ಬಿ ಊರೂರು ಸುತ್ತುತ್ತದೆ, ಜೊತೆಗೆ ರೇಷ್ಮೆ ಸೀರೆಯಲ್ಲಿ ನಾನು. ನನ್ನ ಸಂಜೆಗಳು ಮುಗಿದವು.

ಅಂಗಡಿಯ ಪ್ರಚಾರದ ಆಟೋಗೆ ಕಟ್ಟುವ ಕಹಳೆಯಂಥ ಸ್ಪೀಕರನ್ನು ಅಪ್ಪ ಹೊರತಂದರು. ಮೈಕು ಇರಲಿಲ್ಲ.

"ನಿನ್ನ ಗಿಟಾರೇ ಹಚ್ಚು. ಅವರಿಗೆ ಸೌಂಡು ಕೇಳಿದ್ರಾತು."

ಗಿಟಾರ್ ತಂದೆ. ಚಕ್ರ ತಿರುಗಿಸಿ ಬಿರುಸಿನ ದನಿಯ ನನ್ನ ನಂಬರಿಗೆ ಇಟ್ಟೆ. ಪ್ರತಿ ಸಂಜೆ ಬಾರಿಸುತ್ತಿದ್ದುದನ್ನೇ, ಹಾಗೆಯೇ, ಮೊದಲಿನಿಂದ ಕೊನೆಯವರೆಗೆ ಬಾರಿಸಿದೆ. ನನ್ನ ದನಿ ನಾಲ್ಕು ಗೋಡೆಗಳಿಗೆ ಬಡಿದದ್ದು ಅದೇ ಮೊದಲು. ಅವ್ವ ಸೌಟು ಹಿಡಿದು ಹೊರಬಂದಳು. ಹಿರಿಯರು ಕಾಫಿ ಲೋಟವನ್ನು ಬಾಯಿಗೂ ನೆಲಕ್ಕೂ ನಡುವೆ ಹಿಡಿದು ಕೂತಿದ್ದರು.

ಮುಗಿದ ಮೇಲೆ ಇಬ್ಬರೂ ಲೋಟ ಕೆಳಗಿಟ್ಟರು.

"ಕಾಯಿಲ್ ಸುಟ್ಟೈತೆ" ಎಂದರು ಕುಕ್ಕುವಾಡದವರು.

"ಬೇರಿಂಗೂ ಹೋಗೈತೆ" ಎಂದರು ಅಪ್ಪ, ಕಿವಿ ವಾರೆ ಮಾಡಿ. "ಮಧ್ಯೆ ಕಿರ್ ಅಂತಿತ್ತು, ಕೇಳಿದ್ರಿಲ್ಲೋ?"

"ನಮ್ಮ ತೋಟದ ಮೋಟ್ರು ಹಿಂಗೇ ಕೂಗಿ ಕೂಗಿ ನಿಂತಿದ್ದು" ಎಂದರು ಲೋಕಿಕೆರೆಯವರು. "ಮದುವ್ಯಾಗ ಓವರ್‌ಲೋಡ್ ಆಗೈತೆ ಬಿಡ್ರಿ. ಅಷ್ಟು ಮಂತ್ರ ಎಳೀಬೇಕಂದ್ರೆ ಸುಮ್ನೇನಾ?"

ಅಪ್ಪ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡಿದರು. "ಬಿಸಿ ಐತೆ."

"ಅಪ್ಪಾಜಿ, ಈ ನಂಬರಿನಲ್ಲಿ ಹೀಗೇ ಬರೋದು. ಇದು ಸರಿಯಾಗೇ ಇದೆ" ಎಂದೆ. ಆ ಹಿರಿಯರ ಎದುರು ನಾನು ಆಡಿದ್ದು ಇಷ್ಟೇ, ಅದು ಅಕ್ಷರಶಃ ನಿಜವಾಗಿತ್ತು.

"ಪಾಪ" ಎಂದರು ಕುಕ್ಕುವಾಡದವರು, ನನ್ನ ಕಡೆ ನೋಡಿ. "ಬ್ಯಾಸರ ಮಾಡ್ಕೋಬ್ಯಾಡ ತಂಗಿ, ನಿನ್ನ ತಪ್ಪೇನಲ್ಲ. ಮೆಷಿನ್ ಅಂದ್ಮ್ಯಾಲೆ ಹೋಗ್ತಾವು."

ಉಳಿದ ಕಾಫಿ ಕುಡಿದು, ಸಾವು ಬಿದ್ದ ಮನೆಯಿಂದ ಹೊರಡುವವರಂತೆ ಹೋಗಿಬರುತ್ತೇವೆ ಎನ್ನದೆ ಎದ್ದು ಹೋದರು. ಸುದ್ದಿ ಅವರಿಗಿಂತ ಬೇಗ ಹರಿಹರ ತಲುಪಿತು. ಚಿಕ್ಕಪ್ಪ ಫೋನಿನಲ್ಲಿ, ತಮ್ಮ ಮಗಳ ಮದುವೆಗಾಗಿಯೇ ಅದು ಜೀವ ಹಿಡಿದಿತ್ತು ಎಂದು ಗದ್ಗದರಾದರು. ಸುಟ್ಟ ಕಾಯಿಲ್ ತೆಗೆಸಿ ಹೊಸ ತಂತಿ ಸುತ್ತಿಸೋಣ, ರಿವೈಂಡಿಂಗ್ ಮಾಡಿಸೋಣ ಎಂದು ಅಪ್ಪ ಹೇಳಿದರು. ಬೇಡ, ನನ್ನ ಕೋಣೆಯಲ್ಲೇ ಇರಲಿ ಎಂದೆ. ಅವರು ಒತ್ತಾಯ ಮಾಡಲಿಲ್ಲ.

ಒಂದು ಸಂಜೆ ನಾನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಗ ಬಾಗಿಲು ಸ್ವಲ್ಪ ತೆರೆಯಿತು. ಅಪ್ಪ ಮಿಣುಕುವ ಕೆಂಪು ಅಂಕಿಯನ್ನು ನೋಡಿದರು. ನಾನು ಒಂದು ಕಿವಿ ಬಿಡಿಸಿಕೊಂಡೆ.

"ಇನ್ನೂ ಉಸಿರೈತೇನು?" ಎಂದರು, ರೋಗಿಯ ಮುಂದೆ ಕೇಳುವಂತೆ ದನಿ ತಗ್ಗಿಸಿ.

"ಸ್ವಲ್ಪ ಐತೆ ಅಪ್ಪಾಜಿ."

ಸದ್ದಾಗದಂತೆ ಬಾಗಿಲು ಎಳೆದುಕೊಂಡು ಅವರು ಇಳಿದು ಹೋದರು. ನಾನು ವಾಲ್ಯೂಮ್ ಹೆಚ್ಚಿಸಿಕೊಂಡೆ.