ನಾಹಾಶ್ ಎಂದ ಹಂಡೆ

ತುರ್ಕರು ಆಳುತ್ತಿದ್ದ ಕಾಲ. ತಿಬೇರಿಯಾದ ಯಹೂದಿಗಳ ಓಣಿಯಲ್ಲಿ ಜೋಯಾ ಎಂದರೆ ಕಲಾಯಿಯವಳು. ಗಂಡ ಶೆಮಾಯಾ ತೀರಿಕೊಂಡ ಮೇಲೆ, ಜನ ಮೂಗು ಮುರಿದರೂ ಅವನ ಕುಲುಮೆಯ ಮುಂದೆ ತಾನೇ ಕೂತಳು. ಕೈ ಕಪ್ಪಾಯಿತು, ಮಾತು ಒರಟಾಯಿತು.

ಪೆಸಾಹ್ ಹಬ್ಬ ಹತ್ತಿರವಿದ್ದ ಒಂದು ಮಧ್ಯಾಹ್ನ ಪಕ್ಕದ ಮನೆಯ ಪೆರ್ಲಾ ತನ್ನ ತಾಮ್ರದ ಹಂಡೆಯನ್ನು ತಂದು ಅಂಗಳದಲ್ಲಿಟ್ಟಳು. ಜೋಯಾ ಬೂದಿ ಹಾಕಿ ಉಜ್ಜತೊಡಗಿದಾಗ ಹಂಡೆಯೊಳಗೆ ಯಾರೋ ಉಸುರಿದಂತಾಯಿತು: "ನಾಹಾಶ್." ಹೀಬ್ರೂ ಮಾತಿನಲ್ಲಿ ಹಾವು. ಅವಳು ಕೈ ನಿಲ್ಲಿಸಿದಳು. ಹಂಡೆ ನಿಲ್ಲಿಸಲಿಲ್ಲ.

"ಕೇಳಿಸ್ತೇನೇ? ಹಂಡೆ ನಾಹಾಶ್ ಅಂತಿದೆ," ಎಂದಳು ಜೋಯಾ.

"ಏನು, ನಿನ್ ಹೊಟ್ಟೆ ಗುರುಗುಟ್ಟಿದ್ದಾ?" ಪೆರ್ಲಾ ಬಗ್ಗಿ ನೋಡಿದಳು. "ಇಲ್ಲಿ ಹಾವೂ ಇಲ್ಲ, ಹುಳಾನೂ ಇಲ್ಲ."

"ಇವತ್ತು ಬೆಂಕಿ ಹಾಕಲ್ಲ ಕಣೇ."

"ಓಹೋ, ಕಣಿ ಹೇಳೋಕೂ ಶುರು ಮಾಡಿದ್ಯಾ?"

ಆ ಮಾತು ಚುಚ್ಚಿತು. ಕಣಿ ಕೇಳುವುದು ಧರ್ಮಕ್ಕೆ ವಿರುದ್ಧ. ಜೋಯಾ ಓಣಿಯ ಗುರು ಅವ್ತಲ್ಯೋನರ ಬಳಿಗೆ ಓಡಿದಳು.

"ನೋಡಮ್ಮ," ಎಂದರು ಅವರು. "ಹಾವು ನಾಹಾಶ್. ಶಕುನ ನೋಡೋದು ನಿಹುಶ್. ತಾಮ್ರ ನೆಹೋಶೆತ್. ಮೂರರಲ್ಲೂ ಅವೇ ನ, ಹ, ಶ ಅಕ್ಷರ. ಒಂದೇ ಬೇರೋ, ಬರೀ ಮುಖ ಹೋಲಿಕೆಯೋ, ಹಿರೀಕರೇ ಜಗಳಾಡ್ತಾರೆ. ಹಾವು ಬುಸುಗುಟ್ಟೋ ಸದ್ದೇ ಹೆಸರಾಯ್ತು ಅಂತಾರೆ ಕೆಲವರು. ತಾಮ್ರ ಉಜ್ಜಿದ್ರೂ ಬುಸ್ ಅನ್ನಲ್ವಾ? ಅದನ್ನ ಶಕುನ ಅಂದ್ಕೊಂಡು ಕೆಲಸ ಬಿಟ್ರೆ ಪಾಪ. ಹೋಗಿ ಬೆಂಕಿ ಹಾಕು."

ಜೋಯಾ ನಾಚಿಕೊಂಡು ಮರಳಿದಳು. ಇದ್ದಿಲು ಜೋಡಿಸಿದಳು. ಆದರೂ ಗಾಳಿಯೂದುವ ತಿದಿಗೆ ಕೈ ಹಾಕಲು ಮನಸ್ಸಾಗದೆ ಇಕ್ಕಳದ ತುದಿಯಿಂದ ಒತ್ತಿದಳು. ಚರ್ಮದ ಮಡಿಕೆ ತಾನಾಗಿ ಅಲುಗಿತು. ದಪ್ಪನೆಯ ಮಂಡಲದ ಹಾವೊಂದು ಹೊರಜಾರಿ, ಅವಳ ಪಾದದ ಮೇಲೆ ತಣ್ಣಗೆ ಹರಿದು, ಹೊಸ್ತಿಲು ದಾಟಿ ಹೋಯಿತು.

ಸುದ್ದಿ ಕೇಳಿ ಗುರುಗಳೇ ಬಂದರು. "ಹಂಡೆ ಎಲ್ಲಿತ್ತು?"

"ಅಂಗಳದಲ್ಲಿ."

"ತಿದಿ?"

"ಒಳಗೆ. ಗೋಡೆ ಆಚೆ."

ಅವರು ನಡುವಿನ ಗೋಡೆಯನ್ನು ತಟ್ಟಿ ನೋಡಿದರು. "ಹಾಗಾದ್ರೆ ಮೂರರಲ್ಲಿ ಯಾವ್ದು ನಿನ್ನ ಕರೀತೋ, ನಂಗೊತ್ತಿಲ್ಲಮ್ಮ."

ಆಮೇಲೆ ಹೆಂಗಸರು ಪಾತ್ರೆ ಹೊತ್ತು ಬರತೊಡಗಿದರು: ಗಂಡ ಬರ್ತಾನಾ, ಗಂಡು ಹುಟ್ಟತ್ತಾ, ಕೇಳಿ ಹೇಳು ಅಂತ. ಜೋಯಾ ಇಕ್ಕಳ ಎತ್ತಿ ಗದರುತ್ತಿದ್ದಳು: "ಕಲಾಯಿ ಬೇಕಿದ್ರೆ ಇಡು, ಕಣಿ ಬೇಕಿದ್ರೆ ನಡಿ!" ಪೆರ್ಲಾಳ ಹಂಡೆಗೆ ಮರುದಿನವೇ ಕಲಾಯಿ ಹಾಕಿದಳು, ಕಿವಿಗೆ ಹತ್ತಿ ತುರುಕಿಕೊಂಡು. ಮುಂದೆ ಬದುಕಿದಷ್ಟು ಕಾಲವೂ ಹತ್ತಿಯಿಲ್ಲದೆ ತಾಮ್ರ ಮುಟ್ಟಲಿಲ್ಲ.

ಇಬ್ಬರೂ ಮುದುಕಿಯರಾದ ಮೇಲೆ ಪೆರ್ಲಾ ಒಮ್ಮೆ ಚುಡಾಯಿಸಿದಳು. "ಈಗ ಏನೂ ಕೇಳಲ್ವಲ್ಲ, ನೆಮ್ಮದೀನಾ?"

"ಕಿವಿಗೆ ಕೇಳಲ್ಲ," ಎಂದಳು ಜೋಯಾ, ತನ್ನ ಕಪ್ಪು ಕೈಗಳನ್ನು ಮಡಿಲಲ್ಲಿ ಮುಚ್ಚಿಕೊಳ್ಳುತ್ತ. "ಬೆರಳಿಗೆ ಗೊತ್ತಾಗ್ತದೆ."